ಹುಳಿ ಬಿದ್ದ ಹಸಿರು

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಹಿಡಿದದ್ದು ದಾವಣಗೆರೆಯ ಹೊಗೆ ಮತ್ತು ಥೂಜಾ ಗಿಡ. ಹೊಗೆಗೆ ಸೂಚಿಪರ್ಣಿ ಮರಗಳು ಸೊರಗುವ ಬಗ್ಗೆ ಓದಿದ್ದೆಲ್ಲ ಯುರೋಪಿನದು. ಜೆಕ್ ಗಡಿಯ ಬೆಟ್ಟಗಳಲ್ಲಿ ಲಿಗ್ನೈಟ್ ಕಲ್ಲಿದ್ದಲ ಹೊಗೆಗೆ ಸ್ಪ್ರೂಸ್ ಕಾಡುಗಳೇ ಒಣಗಿಹೋದ ಕಥೆ. ನಮ್ಮೂರಲ್ಲಿ ಸ್ಪ್ರೂಸ್ ಎಲ್ಲಿಂದ ತರೋದು? ಕಾಂಪೌಂಡಿನೊಳಗೆ ಚೆಂದಕ್ಕೆ ನೆಡುವ ಥೂಜಾ ಕೂಡ ಅದೇ ಗುಂಪಿನದು. ಅದರ ಎಲೆ ವರ್ಷವರ್ಷ ಉದುರಿ ಹೊಸದಾಗುವುದಿಲ್ಲ, ಹೊಗೆಯ ಬಾಕಿ ಅಲ್ಲೇ ಜಮೆಯಾಗುತ್ತದೆ.

ಒಂದು ಗಿಡ ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯದು, ಇನ್ನೊಂದು, ಹೋಲಿಸೋಕೆ, ಭಟ್ಟಿಗಳಿಂದ ದೂರದ ತೋಳಹುಣಸೆ ಕಡೆಯದು. ಭಟ್ಟಿಗೆ ಹಳೇ ಟೈರು ಹಾಕುತ್ತಾರೆಂಬ ದೂರು ಊರಿಗೆ ಹಳೆಯದು. ಟೈರಿನ ರಬ್ಬರಿನಲ್ಲಿ ಗಂಧಕ ಇರುತ್ತದೆ, ಸುಟ್ಟರೆ ಸಲ್ಫರ್ ಡೈಆಕ್ಸೈಡ್. ರೆಂಬೆ ಕೇಳಿದಾಗ ಮನೆಯಾಕೆ, "ಹಸ್ರಾಗೇ ಐತಲ್ರೀ, ಅದಕ್ಕೇನಾಗೈತಿ?" ಅಂದರು. ಎಲೆ ತೊಳೆದ ನೀರು ಮಾತ್ರ ಬಾಣಲೆ ತೊಳೆದ ನೀರಿನ ಹಾಗಿತ್ತು.

ಕ್ಲೋರೋಫಿಲ್ ಅಳೆಯಲು ಅರ್ಧ ಗ್ರಾಂ ಎಲೆಯನ್ನು ಶೇ. 80ರ ಅಸಿಟೋನಿನಲ್ಲಿ ಅರೆದು, ಸೋಸಿ, 645 ಮತ್ತು 663 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ರಸ ಎಷ್ಟು ಹೀರುತ್ತದೆಂದು ರೀಡಿಂಗ್ ತೆಗೆಯಬೇಕು. ಥೂಜಾ ಅರೆಯೋದು ದೊಡ್ಡ ಶಿಕ್ಷೆ, ಕುಟ್ಟಾಣಿಗೆಲ್ಲ ಅಂಟು. ಭಟ್ಟಿ ಕಡೆಯ ಎಲೆ ಮೊದಲು ಅರೆದೆ: ರಸ ಮಾಸಲು ಕಂದು. ತೋಳಹುಣಸೆಯದು ಪಚ್ಚ ಹಸಿರು. ಕುಣಿಯೋದೊಂದು ಬಾಕಿ. ಇಷ್ಟು ಚೊಕ್ಕ ಫಲಿತಾಂಶ ಯಾರಿಗೆ ಸಿಗುತ್ತೆ!

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಪಾಲಕ್ ಸಾರು ಬಡಿಸಿದರು. "ಹುಣಸೆಹುಳಿ ಮೊದ್ಲೇ ಬಿತ್ತು, ಬಣ್ಣ ಕೆಡ್ತು ನೋಡು" ಅಂತ ಬೇಜಾರು ಮಾಡಿಕೊಂಡರು. ತಟ್ಟೆಯಲ್ಲಿದ್ದದ್ದು ನನ್ನ ಟ್ಯೂಬಿನ ಬಣ್ಣವೇ. ತುತ್ತು ಗಂಟಲಲ್ಲೇ ನಿಂತಿತು.

ಕ್ಲೋರೋಫಿಲ್ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಆಮ್ಲ ತಾಗಿದರೆ ಅದು ಹೊರಬಿದ್ದು ಆ ಜಾಗಕ್ಕೆ ಎರಡು ಹೈಡ್ರೋಜನ್ ಬರುತ್ತವೆ. ಹಸಿರು ಹೋಗಿ ಕಂದು ಛಾಯೆಯ ಫಿಯೋಫೈಟಿನ್ ಉಳಿಯುತ್ತದೆ. ಸಲ್ಫರ್ ಡೈಆಕ್ಸೈಡ್ ಎಲೆಯ ತೇವದಲ್ಲಿ ಕರಗಿ ಹುಳಿಯಾದಾಗ ಆಗುವ ಹಾನಿಗಳಲ್ಲಿ ಇದೂ ಒಂದು. ಆದರೆ ಎಲೆಯೊಳಗೇ ಬೇರೆ ಹುಳಿ ಇರುತ್ತದಲ್ಲ, ಅರೆದಾಗ ಅದೂ ಹೊರಬರುತ್ತದೆ. ಅದನ್ನು ತಡೆಯಲೆಂದೇ ಅರೆಯುವಾಗ ಚಿಟಿಕೆ ಮೆಗ್ನೀಸಿಯಂ ಕಾರ್ಬೋನೇಟ್ ಹಾಕುವುದು. ಮೊದಲ ಎಲೆ ಅರೆದಾಗ ಲ್ಯಾಬಿನ ಕಪಾಟಿಗೆ ಬೀಗ; ಬಾಟಲಿ ಕೈಗೆ ಬಂದದ್ದು ಎರಡನೆಯದಕ್ಕೆ. ಅಂದರೆ ಆ ಕಂದು ಟೈರಿನದೋ, ನನ್ನ ಕುಟ್ಟಾಣಿಯದೋ?

ಮತ್ತೆ ರೆಂಬೆ ತಂದೆ. ಈ ಸಲ ಒಂದೇ ದಿನ, ಒಂದೇ ಎತ್ತರದ, ಒಂದೇ ವಯಸ್ಸಿನ ಎಲೆ, ತಣ್ಣನೆಯ ಅಸಿಟೋನ್, ಎರಡಕ್ಕೂ ಕಾರ್ಬೋನೇಟ್. ಭಟ್ಟಿ ಕಡೆಯದರಲ್ಲಿ ಕ್ಲೋರೋಫಿಲ್ ಆಗಲೂ ಕಡಿಮೆಯೇ ಬಂತು, ಎಲೆರಸದ ಪಿಎಚ್ ಕೂಡ ಕೆಳಗೇ ಇತ್ತು, ಅಂದರೆ ಹುಳಿ ಹೆಚ್ಚು. ಆದರೆ ರಸ ಮಾತ್ರ ಎರಡೂ ಹಸಿರೇ, ಕಣ್ಣಿಗೆ ವ್ಯತ್ಯಾಸ ಕಾಣುವಷ್ಟಿರಲಿಲ್ಲ. ಎರಡೇ ಗಿಡದಿಂದ ಭಟ್ಟಿಯನ್ನು ಕಟಕಟೆಗೆ ನಿಲ್ಲಿಸೋಕಾಗಲ್ಲ ಅಂತ ಗೈಡ್ ಅಂದರು, ಸರಿಯಾಗೇ ಅಂದರು.

ಮೊದಲ ರೀಡಿಂಗನ್ನು ನಾನು ಹೊಡೆದುಹಾಕಲಿಲ್ಲ. ರೆಕಾರ್ಡ್ ಬುಕ್ಕಿನಲ್ಲಿ ಅದರ ಪಕ್ಕ ಪೆನ್ಸಿಲಿನಲ್ಲಿ ಬರೆದದ್ದು ಈಗಲೂ ಇದೆ: "ಕಾರ್ಬೋನೇಟ್ ಹಾಕಿಲ್ಲ. ಸಾರು ನೋಡಿ ಗೊತ್ತಾಯ್ತು."