‘ಸ್ಲಿಪೇಜ್’ ಬರೆಯುವ ಮುನ್ನ ಗುರುತು ಹಾಕಿಕೊಳ್ಳಿ

ಕಲಬುರಗಿಯ ಬ್ಯಾಂಕ್ ಶಾಖೆಯೊಂದರಲ್ಲಿ ಹೊಸಬರ ಇಂಗ್ಲಿಷ್ ವರದಿಗಳನ್ನು ತಿದ್ದುವ ಕೆಲಸ ಬಹುಕಾಲ ನನ್ನದಾಗಿತ್ತು. ಅವರನ್ನು ಹೆಚ್ಚು ಕಾಡಿದ ಪದ ‘ಸ್ಲಿಪೇಜ್’. ಅದನ್ನು ಕಲಿಸಲು ನಾನು ಅವರನ್ನು ಗಂಜ್ ಮಾರುಕಟ್ಟೆಯ ಬಳಿಯ ದಾಲ್‌ಮಿಲ್ಲಿಗೆ ಕರೆದೊಯ್ಯುತ್ತಿದ್ದೆ.

ಅಲ್ಲಿ ಮೋಟರ್ ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತದೆ. ಬೆಲ್ಟ್ ಸಡಿಲಾದರೆ ಆಚೆಯ ಗಾಲಿ ಮಾತ್ರ ಹಿಂದೆ ಬೀಳುತ್ತದೆ. ರಬ್ಬರ್ ಕಾದ ವಾಸನೆ ಬರುತ್ತದೆ, ತೊಗರಿ ಒಡೆಯುವುದು ನಿಧಾನವಾಗುತ್ತದೆ. ಏನೂ ಮುರಿದಿಲ್ಲ, ಏನೂ ನಿಂತಿಲ್ಲ. ಗಾಲಿ ತಿರುಗಬೇಕಾದಷ್ಟಕ್ಕೂ ತಿರುಗಿದಷ್ಟಕ್ಕೂ ನಡುವಿನ ಕೊರತೆಯೇ ಸ್ಲಿಪೇಜ್.

ಆದ್ದರಿಂದ ಪೆನ್ನು ಹಿಡಿಯುವ ಮುನ್ನ ಎಲ್ಲಿಂದ ಜಾರಿತು, ಎಷ್ಟು ಜಾರಿತು ಎಂದು ಕೇಳಿಕೊಳ್ಳಿ. ಡಿಸೆಂಬರ್ 10ಕ್ಕೆ ಮುಗಿಯಬೇಕಿದ್ದ ಗೋದಾಮು 24ಕ್ಕೆ ಮುಗಿದರೆ ‘ಎ ಸ್ಲಿಪೇಜ್ ಆಫ್ ಟೂ ವೀಕ್ಸ್’ ಎನ್ನಿ. ಬರೀ ‘ಸ್ಲಿಪೇಜ್ ಆಗಿದೆ’ ಎಂದು ಬರೆದು ಬಿಟ್ಟರೆ ಓದುವವರಿಗೆ ಏನೂ ತಿಳಿಯದು. ಅಂಥ ವರದಿಯನ್ನು ನಾನು ಮರಳಿಸುತ್ತಿದ್ದೆ. ಯಾವತ್ತೋ ಒಮ್ಮೆ ಸೇಡಂ ಬಸ್ ತಡವಾಗಿ ಬಂದರೆ ‘ಡಿಲೇ’ ಸಾಕು. ಮೆಟ್ಟಿಲ ಮೇಲೆ ಕಾಲು ಜಾರಿದರೆ, ಬಾಯಿತಪ್ಪಿ ಮಾತು ಬಂದರೆ ಅದು ‘ಸ್ಲಿಪ್’. ‘ಸ್ಲಿಪೇಜ್’ನ ಇಂಗ್ಲಿಷ್ ಕಾಗುಣಿತದಲ್ಲಿ ‘ಪಿ’ ಎರಡು. ಉಚ್ಚಾರ ‘ಸ್ಲಿಪಿಜ್’ಗೆ ಹತ್ತಿರ.

ಈ ಪದಕ್ಕೆ ಬಹುವಚನ ಅಪರೂಪ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ‘ಫ್ರೆಶ್ ಸ್ಲಿಪೇಜಸ್’ ಎಂಬುದು ದಿನನಿತ್ಯದ ಮಾತು. ಹೊಸದಾಗಿ ಎನ್‌ಪಿಎ ಪಟ್ಟಿಗೆ, ಅಂದರೆ ಮರುಪಾವತಿ ನಿಂತ ಸಾಲಗಳ ಪಟ್ಟಿಗೆ, ಇಳಿದ ಸಾಲಗಳು ಎಂದರ್ಥ. ಅವಧಿ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅಲ್ಲಿಗೆ ಇಳಿಯುತ್ತದೆ. ಬೆಳೆಸಾಲಕ್ಕೆ ಹಂಗಾಮಿನ ಲೆಕ್ಕ. ತೊಗರಿಯಂಥ ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿ ಉಳಿದರೆ ಇಳಿಯುತ್ತದೆ.

ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ‘ರೈತನ ಸ್ಲಿಪೇಜ್’ ಎಂದು ಬರೆದು ತಂದಳು. ಆ ವರ್ಷ ಆ ರೈತನ ಹೊಲದಲ್ಲಿ ತೊಗರಿ ನೆಟೆರೋಗ ಬಡಿದು, ಕಾಯಿ ತುಂಬುವ ಮೊದಲೇ ನಿಂತಲ್ಲೇ ಒಣಗಿತ್ತು. ‘ಜಾರಿದ್ದು ಖಾತೆಯಮ್ಮ, ಮನುಷ್ಯನಲ್ಲ’ ಎಂದು ‘ರೈತ’ ಎಂಬುದನ್ನು ಹೊಡೆದು ‘ಖಾತೆ’ ಎಂದು ಬರೆಸಿದೆ. ಅದರ ಕೆಳಗೆ ಬೆಳೆ ಒಣಗಿದ ಸಂಗತಿಯನ್ನು ಅವಳೇ ಒಂದು ಸಾಲಿನಲ್ಲಿ ಸೇರಿಸಿದಳು.