ಪಕ್ಷದ ಕಚೇರಿಯಲ್ಲಿ ಸಂಬಳವಿಲ್ಲದ ಇಂಟರ್ನ್: ಕಾಸರಗೋಡಿನ ಹೊಸಬರಿಗೆ

ಉಪ್ಪಳ, ಕುಂಬಳೆ, ಬದಿಯಡ್ಕದಂಥ ಊರಿನ ಪಕ್ಷದ ಕಚೇರಿಗೆ ಹೋಗಿ "ಇಂಟರ್ನ್‌ಶಿಪ್ ಬೇಕಿತ್ತು" ಎಂದರೆ ಕೂರಿಸಿ ಚಹಾ ಕೊಟ್ಟು ಕಳಿಸುತ್ತಾರೆ. "ಬೂತಿನ ಕೆಲಸಕ್ಕೆ ಬರ್ತೇನೆ, ಕನ್ನಡ, ತುಳು, ಮಲಯಾಳ ಮೂರೂ ಗೊತ್ತು, ಮಲಯಾಳ ಓದ್ಲಿಕ್ಕೂ ಬರ್ತದೆ" ಎನ್ನಿ. ಆ ಕೊನೆಯ ಮಾತಿಗೇ ಬೆಲೆ. ಕನ್ನಡ ಮಾಧ್ಯಮದಲ್ಲಿ ಕಲಿತವರಲ್ಲಿ ಮಲಯಾಳ ಮಾತಾಡುವವರು ಬೇಕಾದಷ್ಟಿದ್ದಾರೆ, ಮಲಯಾಳದಲ್ಲಿ ಅಚ್ಚಾದ ಮತದಾರರ ಪಟ್ಟಿಯನ್ನು ತಡವರಿಸದೆ ಓದುವವರು ಕಡಿಮೆ.

ಒಪ್ಪಿಕೊಳ್ಳುವ ಮೊದಲೇ ನಾಲ್ಕು ಮಾತು ಇತ್ಯರ್ಥವಾಗಲಿ: ಯಾವ ಬೂತು, ಯಾರಿಗೆ ವರದಿ ಒಪ್ಪಿಸಬೇಕು, ಬಸ್ಸು ಅಥವಾ ಪೆಟ್ರೋಲಿನ ಖರ್ಚು ಯಾರದು, ಯಾವ ತಾರೀಕಿನವರೆಗೆ. ಸಂಬಳವಿಲ್ಲದ ಕೆಲಸಕ್ಕೆ ಕೊನೆಯ ದಿನ ಗೊತ್ತುಮಾಡದಿದ್ದರೆ ಅದು ಮುಗಿಯುವುದೇ ಇಲ್ಲ, ಪರೀಕ್ಷೆಯ ಹಿಂದಿನ ರಾತ್ರಿಯೂ ಫೋನು ಬರುತ್ತದೆ. ಕೈಯಿಂದ ದುಡ್ಡು ಹಾಕಿ "ಆಮೇಲೆ ಕೊಡ್ತಾರೆ" ಎಂದು ಕಾಯಬೇಡಿ. ದಿನದ ಖರ್ಚನ್ನು ಅಂದೇ ಬರೆದು ಸಹಿ ಹಾಕಿಸಿಕೊಳ್ಳಿ. ಅಭ್ಯರ್ಥಿಯ ಖರ್ಚಿಗೆ ಮಿತಿ ಇರುವುದರಿಂದ (ಕೇರಳ ವಿಧಾನಸಭೆಗೆ 40 ಲಕ್ಷ) ಲೆಕ್ಕವಿಲ್ಲದ ಖರ್ಚು ಅವರಿಗೂ ತಲೆನೋವೇ. ಸರ್ಕಾರಿ ನೌಕರರಾಗಿದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಪಟ್ಟಿಯಿಂದ ಶುರು

ಭಾಷಣ, ಜಾಥಾ, ಜೀಪಿನ ಅನೌನ್ಸ್‌ಮೆಂಟ್‌ಗೆ ಜನ ಸಿಗುತ್ತಾರೆ. ಪಟ್ಟಿ ಹಿಡಿದು ಗುಡ್ಡೆ ಹತ್ತುವವರು ಸಿಗುವುದಿಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಗೆಲುವಿನ ಅಂತರ 89 ಓಟು, 2021ರಲ್ಲಿ 745. 2016ರದ್ದು ಹೈಕೋರ್ಟಿಗೆ ಹೋದದ್ದೂ ಊರಲ್ಲಿಲ್ಲದವರ, ತೀರಿಕೊಂಡವರ ಹೆಸರಿನಲ್ಲಿ ಓಟು ಬಿದ್ದಿದೆ ಎಂಬ ದೂರಿನ ಮೇಲೆಯೇ. ಒಂದು ಬೂತಿನ ಪಟ್ಟಿ ಸರಿಯಿದೆಯೋ ಇಲ್ಲವೋ ಎಂಬುದು ಇಲ್ಲಿ ಅಷ್ಟು ತೂಗುತ್ತದೆ.

ಯಾವ ಪಟ್ಟಿ ಎಂದು ಮೊದಲು ನೋಡಿಕೊಳ್ಳಿ. ವಿಧಾನಸಭೆ, ಲೋಕಸಭೆಗೆ ಕೇಂದ್ರ ಚುನಾವಣಾ ಆಯೋಗದ ಪಟ್ಟಿ. ಪಂಚಾಯತು, ನಗರಸಭೆಗೆ ರಾಜ್ಯ ಚುನಾವಣಾ ಆಯೋಗದ ಪಟ್ಟಿ. ಎರಡೂ ಬೇರೆ, ಅರ್ಜಿಗಳೂ ಬೇರೆ. "ಹೋದ ಸಲ ಓಟು ಹಾಕಿದ್ದೆ, ಈಗ ಹೆಸರೇ ಇಲ್ಲ" ಎಂಬ ದೂರಿನ ಬಹುಪಾಲಿಗೆ ಇದೇ ಕಾರಣ. ಮನೆ ನಂಬರಿನಲ್ಲಿ ವಾರ್ಡಿನ ಅಂಕಿ ಸೇರಿರುತ್ತದೆ. ವಾರ್ಡು ಬದಲಾದರೆ ಅದೂ ಬದಲಾಗುತ್ತದೆ. ಹಾಗಾಗಿ ನಂಬರನ್ನೇ ನಂಬದೆ ಮನೆಯ ಹೆಸರನ್ನೂ ಕೇಳಿ ಬರೆದುಕೊಳ್ಳಿ.

ಇನ್ನು ಹೆಸರಿನ ಗೋಜಲು. ಕನ್ನಡದ ನಾರಾಯಣ ಮಲಯಾಳದ ಪಟ್ಟಿಯಲ್ಲಿ ನಾರಾಯಣನ್ ಆಗಿರುತ್ತಾನೆ, ಶೇಖರ ಶೇಖರನ್, ಬಾಲಕೃಷ್ಣ ಬಾಲಕೃಷ್ಣನ್. ಬಾಯಲ್ಲಿ ಕರೆಯುವಾಗ ಯಾರಿಗೂ ತೊಂದರೆ ಇಲ್ಲ. ಆಧಾರಿನಲ್ಲಿ 'ನ್' ಇಲ್ಲದೆ ಪಟ್ಟಿಯಲ್ಲಿ ಇದ್ದಾಗ, ತಂದೆಯ ಹೆಸರಿಗೂ ಅದೇ ಬಾಲ ಅಂಟಿಕೊಂಡಾಗ, ಹುಡುಕುವವರಿಗೆ ಆಳೇ ಸಿಗುವುದಿಲ್ಲ. ಪ್ರತಿ ಸಾಲಿನಲ್ಲೂ ಮೂರು ಕಡೆ ಕಣ್ಣಿಡಿ: ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು. ಅನುಮಾನ ಬಂದರೆ ಗುರುತಿನ ಚೀಟಿಯ ನಂಬರ್ ಹೋಲಿಸಿ. ಹೆಸರು ಹೇಗೆ ಬರೆದರೂ ಆ ನಂಬರ್ ಮಾರ್ಪಡುವುದಿಲ್ಲ.

ಮನೆ ಮನೆಗೆ

ಇಲ್ಲಿನ ಬೂತುಗಳಲ್ಲಿ ಮನೆಗಳು ಬೀದಿಯ ಸಾಲಿನಲ್ಲಿಲ್ಲ. ಒಂದು ತೋಟದ ಕೆಳಗೆ, ಇನ್ನೊಂದು ಪಾರೆಯ ಮೇಲೆ. ಪಟ್ಟಿಯ ಕ್ರಮದಲ್ಲಿ ನಡೆದರೆ ಒಂದೇ ಗುಡ್ಡೆಯನ್ನು ಮೂರು ಸಲ ಹತ್ತಬೇಕು. ಊರಿನವರೊಬ್ಬರನ್ನು ಕೂರಿಸಿಕೊಂಡು ನಡೆಯುವ ದಾರಿಗೆ ಸರಿಯಾಗಿ ಮನೆಗಳನ್ನು ಮತ್ತೆ ಜೋಡಿಸಿ, ಒಂದು ಹಾಳೆಗೆ 20 ಮನೆ. ಇಬ್ಬರ ಸ್ಕ್ವಾಡ್ ಒಂದು ಸಂಜೆಗೆ ಅಷ್ಟು ಮುಗಿಸಿದರೆ ಒಳ್ಳೆಯ ಲೆಕ್ಕ. ಜೋಡಿಯಲ್ಲಿ ಒಬ್ಬ ಹೆಣ್ಣುಮಗಳಿದ್ದರೆ ಹಗಲು ಹೊತ್ತಿನಲ್ಲೂ ಮನೆಯವರು ಮಾತಾಡುತ್ತಾರೆ.

ಶುಕ್ರವಾರ ಮಧ್ಯಾಹ್ನ ಮುಸ್ಲಿಂ ಮನೆಗಳಿಗೆ ಹೋಗಬೇಡಿ. ಕೂಲಿಗೆ ಹೋದವರು ಬಂದು ಸ್ನಾನ ಮುಗಿಸುವ ಹೊತ್ತು, ಸಂಜೆ ಆರರ ನಂತರ, ಎಲ್ಲರೂ ಸಿಗುತ್ತಾರೆ. ಅಂಗಳದಲ್ಲೇ ನಿಂತು ಆ ಮನೆಯ ಭಾಷೆಯಲ್ಲಿ ಮಾತು ತೆಗೆಯಿರಿ. ತುಳುವಿನಲ್ಲಿ "ಅಕ್ಕೆರೆ, ಪಟ್ಟಿಡ್ ಪುದರ್ ಉಂಡಾ?" (ಅಕ್ಕ, ಪಟ್ಟಿಯಲ್ಲಿ ಹೆಸರು ಇದೆಯಾ?) ಎಂದರೆ ಬಾಗಿಲು ತೆರೆಯುವ ಮನೆಯಲ್ಲಿ ಪುಸ್ತಕದ ಕನ್ನಡ ಆಡಿದರೆ ಸರ್ಕಾರದ ಸರ್ವೆ ಎಂದುಕೊಳ್ಳುತ್ತಾರೆ. ಓಟು ಯಾರಿಗೆ ಎಂದು ಕೇಳಲೇಬೇಡಿ. ನಾಲ್ಕು ಮಾತಿನಲ್ಲಿ ಅವರೇ ತಿಳಿಸುತ್ತಾರೆ, ಇಲ್ಲವೇ ಸುಳ್ಳು ಹೇಳುತ್ತಾರೆ.

ಗುರುತು ಹಾಕಲು ಪೆನ್ಸಿಲ್ ಸಾಕು. ಪೆನ್ನಿನ ಬರಹ ಬೆವರಿಗೆ, ಮಳೆಗೆ ಕಲೆಸಿಹೋಗುತ್ತದೆ. ಗಲ್ಫಿನಲ್ಲಿರುವವರಿಗೆ 'ಗ', ಮಂಗಳೂರಿನಲ್ಲಿ ಮನೆ ಮಾಡಿದವರಿಗೆ 'ಮಂ', ತೀರಿಕೊಂಡವರಿಗೆ 'ತೀ', ಮದುವೆಯಾಗಿ ಹೋದವರಿಗೆ 'ಮದು'. ಗಲ್ಫ್ ಎಂದು ಬರೆದರೆ ಸಾಲದು, ಯಾವ ತಿಂಗಳು ಊರಿಗೆ ಬರುತ್ತಾರೆ ಎಂದೂ ಪಕ್ಕದಲ್ಲಿರಲಿ.

ಅರ್ಜಿಗಳು, ಮುಖ್ಯವಾಗಿ ಫಾರ್ಮ್ 7

ಕೇಂದ್ರ ಆಯೋಗದ ಪಟ್ಟಿಗಾದರೆ ಹೊಸ ಮತದಾರರಿಗೆ ಫಾರ್ಮ್ 6. ತಿದ್ದುಪಡಿಗೂ ವಿಳಾಸ ಬದಲಾವಣೆಗೂ ಫಾರ್ಮ್ 8. ವಿದೇಶದಲ್ಲಿರುವ ಭಾರತೀಯರಿಗೆ 6ಎ, ಆದರೆ ಓಟು ಹಾಕಲು ಅವರು ಪಾಸ್‌ಪೋರ್ಟ್ ಹಿಡಿದು ಬೂತಿಗೇ ಬರಬೇಕು. 18 ತುಂಬಿತೇ ಎಂದು ನೋಡಲು ಈಗ ವರ್ಷಕ್ಕೆ ನಾಲ್ಕು ತಾರೀಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಪಕ್ಷದ ಬೂತ್ ಮಟ್ಟದ ಏಜೆಂಟರು ಸಾಮಾನ್ಯವಾಗಿ ದಿನಕ್ಕೆ 10 ಅರ್ಜಿಗಿಂತ ಹೆಚ್ಚು ಬಿಎಲ್‌ಒ (ಬೂತಿನ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಕೈಗೆ ಕೊಡುವಂತಿಲ್ಲ. ಕರಡು ಪಟ್ಟಿಯ ಮೇಲೆ ಹಕ್ಕು ಆಕ್ಷೇಪ ಸಲ್ಲಿಸುವ ಅವಧಿಯಲ್ಲಿ ಒಬ್ಬರಿಂದಲೇ 30 ದಾಟಿದರೆ ಮೇಲಧಿಕಾರಿ ಮತ್ತೆ ಪರಿಶೀಲಿಸಬೇಕು. ಕೊನೆಯ ದಿನ ಚೀಲ ತುಂಬಾ ಅರ್ಜಿ ಹೊತ್ತುಕೊಂಡು ಹೋದವರು ಚೀಲದೊಂದಿಗೇ ವಾಪಸಾಗುತ್ತಾರೆ. ಮೊದಲ ವಾರದಿಂದಲೇ ಹತ್ತತ್ತು ಕೊಡುತ್ತಾ ಬನ್ನಿ.

ಹೆಸರು ತೆಗೆಸುವುದು ಫಾರ್ಮ್ 7. ಹೊಸಬರ ಕೈಗೆ ಇದರ ಕಟ್ಟು ಕೊಟ್ಟು "ಸಹಿ ಹಾಕು ಮಾರಾಯ, ಫಾರ್ಮಾಲಿಟಿ" ಎನ್ನುವವರಿದ್ದಾರೆ. ಹಾಕಬೇಡಿ. ಆಕ್ಷೇಪಿಸಿದವರು ನೀವೇ ಎಂದಾಗುತ್ತದೆ, ಸುಳ್ಳು ಹೇಳಿಕೆಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ವಿಚಾರಣೆಗೆ ನೋಟಿಸು ಬಂದಾಗ ಕಟ್ಟು ಕೊಟ್ಟವರು ಫೋನ್ ಎತ್ತುವುದಿಲ್ಲ. ನೀವೇ ಹೋಗಿ ಕೇಳಿ ಖಚಿತಪಡಿಸಿಕೊಂಡ ಮರಣಕ್ಕೆ ಮಾತ್ರ, ಅದೂ ಮನೆಯವರಿಂದಲೇ ಅರ್ಜಿ ಹಾಕಿಸುವುದು ವಾಸಿ. ಗಡಿಯ ಆಚೆಗೂ ಈಚೆಗೂ ಎರಡು ಓಟು ಇಟ್ಟುಕೊಂಡವರಿಗೆ, ಅದು ಕಾನೂನಿಗೆ ವಿರುದ್ಧವೆಂದು ತಿಳಿಸಿ, ಅವರು ಈಗ ಇಲ್ಲದ ಕಡೆಯ ಹೆಸರು ತೆಗೆಸಲು ಅವರೇ ಫಾರ್ಮ್ 7 ಹಾಕುವಂತೆ ಹೇಳಿ.

ಚೀಟಿ, ಪೋಸ್ಟರು, ಗೋಡೆ

ಕರಪತ್ರ, ಪೋಸ್ಟರು ಏನೇ ಇರಲಿ, ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ಇಲ್ಲದಿದ್ದರೆ ಹಂಚಬೇಡಿ, ಹಾಗೆ ಮುದ್ರಿಸಿ ಪ್ರಕಟಿಸುವುದಕ್ಕೆ ಆರು ತಿಂಗಳವರೆಗೆ ಶಿಕ್ಷೆಯಿದೆ. ಮತದಾನದ ದಿನ ಕೊಡುವ ಚೀಟಿ ಬಿಳಿ ಕಾಗದದಲ್ಲಿರಬೇಕು, ಪಕ್ಷದ ಹೆಸರಾಗಲಿ ಚಿಹ್ನೆಯಾಗಲಿ ಇರಬಾರದು. ಗೋಡೆಯ ಮೇಲೆ ಸುಣ್ಣ ಬಳಿದು 'ಬುಕ್ಡ್' ಎಂದು ಬರೆಯುವ ಮೊದಲು ಮನೆಯವರ ಒಪ್ಪಿಗೆ ಕಾಗದದಲ್ಲಿ ಬೇಕು. ಬಾಯಿಮಾತಿನ ಒಪ್ಪಿಗೆ ಅಣ್ಣ ತಮ್ಮಂದಿರ ಜಗಳದಲ್ಲಿ ಕರಗಿಹೋಗುತ್ತದೆ. ಕನ್ನಡದ ಪ್ರೂಫ್ ನೀವೇ ನೋಡಿ. ಮಲಯಾಳದಿಂದ ಪದಕ್ಕೆ ಪದ ಇಳಿಸಿದ ಕನ್ನಡ ಪೋಸ್ಟರನ್ನು ಊರವರು ಓದಿ ನಗುವುದು ಹೊಸದಲ್ಲ.

ಮತದಾನದ ದಿನ

ಬೂತಿನೊಳಗೆ ಅಭ್ಯರ್ಥಿಯ ಏಜೆಂಟರಾಗಿ ಕೂರುವುದಾದರೆ ಫಾರ್ಮ್ 10ರಲ್ಲಿ ನೇಮಕದ ಕಾಗದ ಬೇಕು. ನಿಮ್ಮ ಓಟು ಅದೇ ಬೂತಿನಲ್ಲಿ ಅಥವಾ ಪಕ್ಕದಲ್ಲಿ ಇರಬೇಕು, ಅಲ್ಲಿ ಯಾರೂ ಸಿಗದಿದ್ದರೆ ಮಾತ್ರ ಅದೇ ವಿಧಾನಸಭಾ ಕ್ಷೇತ್ರದ ಬೇರೆಡೆಯವರಿಗೆ ಅವಕಾಶ. ಮತದಾನ 7 ಗಂಟೆಗಾದರೆ ಅಣಕು ಮತದಾನ 5.30ಕ್ಕೆ, ಕನಿಷ್ಠ 50 ಓಟು. ಅದನ್ನು ಅಳಿಸಿದ್ದಾರೆಯೇ, ವಿವಿಪ್ಯಾಟ್ (ಓಟನ್ನು ಚೀಟಿಯಲ್ಲಿ ಅಚ್ಚು ಮಾಡುವ ಯಂತ್ರ) ಚೀಟಿಗಳನ್ನು ತೆಗೆದಿದ್ದಾರೆಯೇ ಎಂದು ಕಣ್ಣಾರೆ ನೋಡಿ, ಯಂತ್ರದ ನಂಬರ್ ಬರೆದುಕೊಳ್ಳಿ. ಒಳಗೆ ಫೋನ್ ಒಯ್ಯುವಂತಿಲ್ಲ.

ಬಂದವರು ಬೇರೆಯವರು ಎಂದು ಖಾತ್ರಿಯಿದ್ದರೆ 2 ರೂಪಾಯಿ ಕಟ್ಟಿ ತಕರಾರು ಎತ್ತಬಹುದು. ಜೇಬಿನಲ್ಲಿ ಚಿಲ್ಲರೆ ಇರಲಿ. ನಿಜವಾದ ಮತದಾರರು ಬರುವಷ್ಟರಲ್ಲಿ ಅವರ ಓಟು ಬಿದ್ದಿದ್ದರೆ ಬರಿಗೈಯಲ್ಲಿ ಕಳಿಸಬೇಡಿ, ಟೆಂಡರ್ಡ್ ಬ್ಯಾಲಟ್ (ಅಂಥವರಿಗೆ ಕೊಡುವ ಕಾಗದದ ಮತಪತ್ರ) ಕೇಳುವ ಹಕ್ಕು ಅವರಿಗಿದೆ. ಸಂಜೆ 17ಸಿ ಫಾರ್ಮಿನ ಪ್ರತಿ ಕೈಗೆ ಬರುವವರೆಗೆ ಎದ್ದು ಬರಬೇಡಿ. ಎಣಿಕೆಯ ದಿನ ಹೋಲಿಸಲು ಬೇಕಾದ ಒಟ್ಟು ಓಟಿನ ಲೆಕ್ಕ ಅದರಲ್ಲೇ ಇರುವುದು.

ಹೊರಗಿನ ಮೇಜಿನಲ್ಲಿ ಕೂರುವುದಾದರೆ ಬೂತಿನಿಂದ 100 ಮೀಟರ್ ಆಚೆ (2025ರವರೆಗೆ 200 ಇತ್ತು), ಒಂದು ಮೇಜು, ಎರಡು ಕುರ್ಚಿ.

ಬಿಡುವಾಗ

ಕೆಲಸ ಮಾಡಿದ್ದಕ್ಕೆ ಪತ್ರ ಬೇಕಾದರೆ ಫಲಿತಾಂಶದ ಮೊದಲೇ ಕೇಳಿ. ಸೋತ ಕಚೇರಿಗೆ ಬೀಗ ಬಿದ್ದಿರುತ್ತದೆ, ಗೆದ್ದ ಕಚೇರಿಯಲ್ಲಿ ನಿಮ್ಮನ್ನು ಮಾತಾಡಿಸಲು ಪುರುಸೊತ್ತಿರುವುದಿಲ್ಲ. "ಸಕ್ರಿಯವಾಗಿ ಭಾಗವಹಿಸಿದರು" ಎಂದು ಬರೆದುಕೊಟ್ಟರೆ ಪ್ರಯೋಜನವಿಲ್ಲ. ಎಷ್ಟು ಮನೆ, ಎಷ್ಟು ಅರ್ಜಿ, ಯಾವ ತಾರೀಕಿನಿಂದ ಯಾವ ತಾರೀಕಿಗೆ, ಯಾವ ಭಾಷೆಗಳಲ್ಲಿ ಎಂದಿರಲಿ. ಒಕ್ಕಣೆ ನೀವೇ ಬರೆದು ಲೆಟರ್‌ಹೆಡ್ಡಿಗೆ ಸಹಿ, ಸೀಲು ಹಾಕಿಸಿಕೊಳ್ಳಿ. ಗುರುತು ಹಾಕಿದ ಪಟ್ಟಿಯನ್ನು ಒಪ್ಪಿಸಿ, ಫೋನಿನಲ್ಲಿ ತೆಗೆದ ಅದರ ಫೋಟೋಗಳನ್ನು ಅಳಿಸಿ. ಯಾರ ಮನೆಯಲ್ಲಿ ಗಂಡಸರು ವರ್ಷಗಟ್ಟಲೆ ಇರುವುದಿಲ್ಲ ಎಂಬುದು ಅದರಲ್ಲಿ ಬರೆದಿದೆ.