ಬಂದರಿನ ಬಾಯಲ್ಲಿ ಪಾದೆ ಇದ್ದರೆ ಬೋಟ್ ಒಳಗೆ ತರುವುದು ಹೇಗೆ?

ದಿನಗಟ್ಟಲೆ ಆಳ ಸಮುದ್ರದಲ್ಲಿ ಇದ್ದು ಬಂದ ಬೋಟ್ ಪಾದೆಗೆ, ಅಂದರೆ ಕಡಲಿನ ಕಲ್ಲಿಗೆ ಬಡಿಯುವುದು, ನಾನು ಕಂಡ ಹಾಗೆ, ಊರಿನ ದೀಪ ಕಾಣುವ ಜಾಗದಲ್ಲೇ. ಆ ಹೊತ್ತಿಗೆ ಎಲ್ಲರಿಗೂ ನಿದ್ದೆ, ಎಲ್ಲರಿಗೂ ಅವಸರ. ಏಲಂ ಶುರುವಾಗುವ ಮೊದಲು ಮೀನು ಇಳಿಸಬೇಕು. ಬೋಟ್‌ನ ಕೆಲಸದವರು, ಅಂದರೆ ಕಲಾಸಿಗಳು ಆಗಲೇ ಮೊಬೈಲಿಗೆ ಸಿಗ್ನಲ್ ಹುಡುಕುತ್ತಿರುತ್ತಾರೆ. ಚುಕ್ಕಾಣಿ ಹಿಡಿದವನ ಕಣ್ಣು ಅರ್ಧ ಮುಚ್ಚಿರುತ್ತದೆ.

ನಾನು ಮಲ್ಪೆಯಲ್ಲಿ ಟ್ರಾಲ್ ಬೋಟ್‌ನ ತಂಡೇಲನಾಗಿದ್ದವನು, ಅಂದರೆ ಬೋಟ್ ನಡೆಸುವ ಮುಖ್ಯಸ್ಥ. ಈಗ ಕಡಲಿಗೆ ಹೋಗುವುದಿಲ್ಲ, ಅಕ್ಕನ ಮಗ ಹೋಗುತ್ತಾನೆ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಾಳ ಹಾಕಲು ಸಣ್ಣ ಫೈಬರ್ ದೋಣಿಯಲ್ಲಿ ಹೋಗುವ ಹವ್ಯಾಸಿಗಳಿಗೂ ಇದು ಬೇಕು. ಅವರೇ ಪಾದೆಯ ಹತ್ತಿರ ಜಾಸ್ತಿ ಹೋಗುವವರು, ಮೀನು ಅಲ್ಲೇ ಸಿಗುವುದಲ್ವಾ.

ಮೊದಲು ಜಾಗ ನೋಡಿ. ಮಲ್ಪೆ ಬಂದರು ಇರುವುದು ಉದ್ಯಾವರ ಹೊಳೆಯ ಅಳಿವೆಯ ಒಳಗೆ. ಹೊರಗೆ ದರಿಯಾ ಬಹಾದ್ದೂರ್‌ಗಡ, ಸೇಂಟ್ ಮೇರೀಸ್ ಅಂತ ಪ್ರವಾಸಿಗರು ಕರೆಯುವ ತೋನ್ಸೆಪಾರ್, ಆಚೀಚೆ ಇನ್ನಷ್ಟು ಕಲ್ಲುಗಳು. ಈ ದ್ವೀಪಗಳು ಬಡಗಿನಿಂದ ತೆಂಕಿಗೆ ಒಂದೇ ಸಾಲಿನಲ್ಲಿ, ನಡುನಡುವೆ ತುಂಡಾದ ಹಾಗೆ ನಿಂತಿವೆ. ಲಾವಾ ತಣ್ಣಗಾಗಿ ಕಂಬಗಳ ಹಾಗೆ ಸೀಳಿದ ಕಲ್ಲು ಅದು. ನೋಡಲು ಚಂದ, ತಾಗಿದರೆ ಹಲಗೆ ಉಳಿಯುವುದಿಲ್ಲ. ನೀರಿನ ಮೇಲೆ ಸಾಲು ಮುಗಿದ ಕೂಡಲೇ ಕಲ್ಲೂ ಮುಗಿಯಿತು ಅಂತ ತಿಳಿಯಬೇಡಿ. ಎರಡು ದ್ವೀಪದ ನಡುವೆ ಅಗಲವಾದ ನೀಲಿ ನೀರು ಕಂಡಾಗ ಒಳದಾರಿ ಹಿಡಿಯೋಣ ಅಂತ ಹೊಸಬರಿಗೆ ಆಸೆಯಾಗುತ್ತದೆ. ಆ ಆಸೆ ಬೇಡ.

ಇಷ್ಟು ಡಿಗ್ರಿಯಲ್ಲಿ ಬನ್ನಿ, ಇಲ್ಲಿ ತಿರುಗಿ ಅಂತ ನಾನು ಬರೆಯುವುದಿಲ್ಲ. ನನ್ನ ಬೋಟ್‌ನ ಲೆಕ್ಕ ನಿಮ್ಮ ಬೋಟ್‌ಗೆ ಆಗುವುದಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಅಳಿವೆಯ ಮರಳೂ ಜಾಗ ಬದಲಿಸಿರುತ್ತದೆ. ಲೆಕ್ಕ ಹಾಕುವ ಕ್ರಮವನ್ನು ಮಾತ್ರ ಹೇಳುತ್ತೇನೆ.

ಸದಾ ಮೇಲೆ ಕಾಣುವ ಕಲ್ಲಿಗೆ ನಾನು ಹೆದರುವುದಿಲ್ಲ. ಅದರ ಮೇಲೆ ಹಕ್ಕಿ ಕೂತಿರುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಇಳಿತದಲ್ಲಿ ಕಂಡು ಭರತದಲ್ಲಿ ಮುಳುಗುವ ಕಲ್ಲೇ ಮೋಸಗಾರ. ಬೆಳಿಗ್ಗೆ ಹೊರಡುವಾಗ ಕಂಡದ್ದು ಸಂಜೆ ಬರುವಾಗ ಇರುವುದಿಲ್ಲ. ಇನ್ನು ಯಾವತ್ತೂ ಮೇಲೆ ಬಾರದ ಕಲ್ಲು. ಕಡಲಿನ ನಕ್ಷೆಯಲ್ಲಿ ಅಧಿಕ ಚಿಹ್ನೆ (+) ಇದ್ದರೆ ಅದು ಈ ಜಾತಿಯದು, ನಕ್ಷತ್ರದ ಗುರುತು ಇದ್ದರೆ ಮುಳುಗಿ ಏಳುವಂಥದ್ದು. ನಕ್ಷೆಯಲ್ಲಿ ಅಂಕಿಯ ಕೆಳಗೆ ಗೆರೆ ಎಳೆದಿದ್ದರೆ ನೀರು ತೀರಾ ಇಳಿದಾಗ ಆ ಜಾಗ ಅಷ್ಟು ಮೇಲೆ ಏಳುತ್ತದೆ ಅಂತ ಅರ್ಥ. ಅದನ್ನು ಆಳ ಅಂತ ಓದಿದರೆ ಕತೆ ಮುಗಿಯಿತು.

ಈಗ ನೀರಿನ ಲೆಕ್ಕ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಎರಡೂ ಏರಿಕೆ ಒಂದೇ ಎತ್ತರ ಇರುವುದಿಲ್ಲ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾಸೆ, ಹುಣ್ಣಿಮೆ ಹತ್ತಿರ ಏರಿಳಿತ ಜಾಸ್ತಿ. ಗುಜರಾತಿನ ಕಡೆಗೆ ಹೋಲಿಸಿದರೆ ನಮ್ಮದು ಏನೂ ಅಲ್ಲ, ಹಾಗಾಗಿಯೇ ನಮ್ಮವರು ಇದನ್ನು ಅಸಡ್ಡೆ ಮಾಡುತ್ತಾರೆ. ಆದರೆ ಕಲ್ಲಿನ ಮೇಲೆ ಒಂದಡಿ ನೀರು ಹೆಚ್ಚಾಗುವುದಕ್ಕೂ ಕಡಿಮೆಯಾಗುವುದಕ್ಕೂ ಬೋಟ್‌ನ ಬೆಲೆಯಷ್ಟೇ ವ್ಯತ್ಯಾಸ.

ಒಂದು ಲೆಕ್ಕ ಮಾಡೋಣ. ನಕ್ಷೆಯಲ್ಲಿ ಕಲ್ಲಿನ ಮೇಲೆ 1.2 ಮೀಟರ್ ಅಂತ ಇದೆ, ಕೆಳಗೆ ಗೆರೆ ಇಲ್ಲ. ಅದು ನೀರು ತೀರಾ ಇಳಿದಾಗಿನ ಆಳ. ಭರತದ ಪಟ್ಟಿಯಲ್ಲಿ ನೀವು ಬರುವ ಹೊತ್ತಿಗೆ ನೀರಿನ ಏರಿಕೆ 0.9 ಮೀಟರ್ ಇದೆ. ಎರಡನ್ನೂ ಕೂಡಿಸಿದರೆ 2.1. ನಿಮ್ಮ ಬೋಟ್ ಭಾರ ತುಂಬಿದಾಗ 1.8 ಮೀಟರ್ ನೀರು ಹಿಡಿಯುತ್ತದೆ, ಅಂದರೆ ತಳ ಅಷ್ಟು ಆಳಕ್ಕೆ ಮುಳುಗಿರುತ್ತದೆ. ಒಂದಡಿ ಉಳಿಯಿತಲ್ಲ, ಹೋಗಬಹುದು ಅನಿಸುತ್ತದೆ. ಆದರೆ ಆವತ್ತು ಒಂದು ಮೀಟರ್ ಎತ್ತರದ ತೆರೆ ಇದ್ದರೆ ಅದರ ಅರ್ಧ ಕಳೆಯಬೇಕು, ತೆರೆಯ ತಗ್ಗಿಗೆ ಬಿದ್ದಾಗ ಬೋಟ್ ಅಷ್ಟು ಕೆಳಗೆ ಹೋಗುತ್ತದೆ. ಉಳಿದದ್ದು 1.6. ಬೋಟ್‌ಗೆ ಬೇಕಾದದ್ದು 1.8. ಜೊತೆಗೆ, ಕಡಿಮೆ ನೀರಿನಲ್ಲಿ ವೇಗ ಹೆಚ್ಚಿಸಿದರೆ ಬೋಟ್ ಇನ್ನೂ ಕೆಳಗೆ ಕೂರುತ್ತದೆ. ಈ ಕೂಡಿ ಕಳೆಯುವ ಲೆಕ್ಕಕ್ಕೆ ಎರಡು ನಿಮಿಷ ಸಾಕು. ಒಂದು ಹಳೇ ಬಿಲ್ಲಿನ ಹಿಂದೆ ಬರೆದರಾಯಿತು.

ಇನ್ನು ನನ್ನ ಮುಖ್ಯ ಮಾತು. ಬೋಟ್ ತರುವಾಗ ಪಾದೆ ಎಲ್ಲಿದೆ ಅಂತ ಹುಡುಕುತ್ತಾ ಕೂರಬೇಡಿ. ಪಾದೆ ಇಲ್ಲದ ಒಂದು ಗೆರೆಯನ್ನು ಮೊದಲೇ ಕಲಿತಿಟ್ಟು, ಆ ಗೆರೆಯ ಮೇಲೆಯೇ ಬನ್ನಿ. ಅದಕ್ಕೆ ದಡದಲ್ಲಿ ಎರಡು ಗುರುತು ಬೇಕು, ಒಂದು ಹತ್ತಿರದ್ದು, ಒಂದು ದೂರದ್ದು. ಎರಡೂ ಒಂದರ ಹಿಂದೆ ಒಂದು ಕಂಡರೆ ನೀವು ಗೆರೆಯ ಮೇಲಿದ್ದೀರಿ. ಹತ್ತಿರದ ಗುರುತು ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಹೋಗಿದ್ದೀರಿ, ಬೋಟ್‌ನ ಮೂತಿ ಎಡಕ್ಕೆ ತಿರುಗಿಸಿ. ಹತ್ತಿರದ ಗುರುತು ಯಾವ ಕಡೆ ಸರಿದಿದೆಯೋ ಆ ಕಡೆಗೆ ತಿರುಗಿಸುವುದು, ಇಷ್ಟೇ ನೆನಪಿಟ್ಟುಕೊಳ್ಳಿ. ಬ್ಯಾಟರಿ ಬೇಡ, ಸ್ಯಾಟಲೈಟ್ ಬೇಡ. ಪಕ್ಕದಿಂದ ನೀರಿನ ಸೆಳೆತ ಇದ್ದರೆ ಅದೂ ಇದರಲ್ಲೇ ಗೊತ್ತಾಗುತ್ತದೆ, ಮೂತಿ ನೆಟ್ಟಗಿದ್ದರೂ ಗುರುತುಗಳು ಬೇರೆಯಾಗುತ್ತಾ ಹೋಗುತ್ತವೆ.

ಗುರುತು ಆರಿಸುವಾಗ ಸ್ವಲ್ಪ ಬುದ್ಧಿ ಬೇಕು. ತೆಂಗಿನ ಮರ ಬೇಡ, ಒಂದು ಗಾಳಿಗೆ ಹೋಗುತ್ತದೆ. ಬಣ್ಣ ನೋಡಿ ಮನೆಯನ್ನು ಆರಿಸಬೇಡಿ, ಮಗಳ ಮದುವೆ ಬಂದರೆ ಅವರು ಬೇರೆ ಬಣ್ಣ ಹೊಡೆಸುತ್ತಾರೆ. ದೇವಸ್ಥಾನ, ಇಗರ್ಜಿ, ನೀರಿನ ಟ್ಯಾಂಕ್, ದೀಪಸ್ತಂಭ ಒಳ್ಳೆಯದು. ಕಾಪುವಿನ ದೀಪಸ್ತಂಭ 1901ರಿಂದ ಅದೇ ಬಂಡೆಯ ಮೇಲೆ ನಿಂತಿದೆ, ಅದಕ್ಕಿಂತ ನಂಬಿಕೆಯ ಗುರುತು ಯಾವುದು? ಗುರುತು ಸಿಕ್ಕಿದ ಮೇಲೂ ಪ್ರತಿ ವರ್ಷ ನೋಡಿಕೊಳ್ಳಿ. ಎದುರಿಗೆ ಹೊಸ ಹೋಟೆಲ್ ಎದ್ದು ಗುರುತು ಮುಚ್ಚಿಹೋಗುವುದು ಈಗ ಮಾಮೂಲು.

ಗೆರೆ ಹುಡುಕಲು ಹೋಗುವುದು ಯಾವಾಗ? ಜನವರಿ, ಫೆಬ್ರವರಿಯಲ್ಲಿ, ಕಡಲು ತಣ್ಣಗಿರುವ ಬೆಳಿಗ್ಗೆ, ಅಮಾಸೆಯ ಆಚೀಚೆ, ನೀರು ಪೂರ್ತಿ ಇಳಿದಾಗ. ದೊಡ್ಡ ಬೋಟ್ ಬೇಡ, ಸಣ್ಣ ದೋಣಿ ಸಾಕು. ಆಳ ತೋರಿಸುವ ಫಿಶ್ ಫೈಂಡರ್ ಇರಲಿ, ಆದರೆ ಅದು ನೋಡುವುದು ನೇರ ಕೆಳಗೆ. ಮುಂದೆ ಹತ್ತು ಮೀಟರ್ ದೂರದಲ್ಲಿ ಗೋಡೆಯ ಹಾಗೆ ಎದ್ದ ಕಲ್ಲನ್ನು ಅದು ತೋರಿಸುವುದಿಲ್ಲ. ಹಾಗಾಗಿ ಒಂದು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಮಾರಿಗೊಂದು ಗಂಟು ಹಾಕಿಕೊಳ್ಳಿ. ಗುಂಡಿನ ತಳದಲ್ಲಿ ಗುಳಿ ಮಾಡಿ ಗ್ರೀಸ್ ಮೆತ್ತಿ. ಕೆಳಗೆ ಬಿಟ್ಟು ಎತ್ತಿದಾಗ ಗ್ರೀಸಿಗೆ ಮರಳು ಅಂಟಿದ್ದರೆ ತಳ ಮರಳು. ಕೆಸರು ಬಂದರೆ ಕೆಸರು. ಏನೂ ಅಂಟದೆ ಗ್ರೀಸಿನ ಮೇಲೆ ಗೀರು ಬಿದ್ದು ಬಂದರೆ ಕೆಳಗಿರುವುದು ಕಲ್ಲು. ಅಕ್ಕನ ಮಗ ಇದನ್ನು ನೋಡಿ ಮೊದಲು ನಕ್ಕ. ಗೀರು ಬಿದ್ದ ಗ್ರೀಸಿನಲ್ಲಿ ಚಿಪ್ಪಿನ ಚೂರು ಸಿಕ್ಕಿಕೊಂಡು ಬಂದಾಗ ಹಗ್ಗವನ್ನು ಅವನೇ ಕೇಳಿ ತೆಗೆದುಕೊಂಡ.

ಜಿಪಿಎಸ್ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ವಿಷಯ. ಅಕ್ಕನ ಮಗ ಒಂದು ದಿನ ಜಿಪಿಎಸ್ ನಕ್ಷೆ ತೋರಿಸುವ ಪ್ಲಾಟರ್‌ನ ಸ್ಕ್ರೀನ್ ತೋರಿಸಿ, ‘ಮಾಮ, ಇಲ್ಲಿ ಏನೂ ಇಲ್ಲ ಅಲ್ವಾ?’ ಅಂದ. ಎರಡು ಸಲ ಝೂಮ್ ಮಾಡು ಅಂದೆ. ಖಾಲಿ ನೀಲಿಯ ನಡುವೆ ಅಧಿಕ ಚಿಹ್ನೆಗಳು ಎದ್ದು ಬಂದವು. ದೂರದ ನೋಟದಲ್ಲಿ ಸಣ್ಣ ಕಲ್ಲುಗಳನ್ನು ಪ್ಲಾಟರ್ ಬಿಟ್ಟುಬಿಡುತ್ತದೆ. ಇದು ಬರೀ ನಮ್ಮ ಹುಡುಗರ ಸಮಸ್ಯೆ ಅಲ್ಲ. 2014ರ ನವೆಂಬರ್‌ನಲ್ಲಿ ಜಗತ್ತು ಸುತ್ತುವ ಪಂದ್ಯದಲ್ಲಿದ್ದ ‘ವೆಸ್ಟಾಸ್ ವಿಂಡ್’ ಎಂಬ ಹಾಯಿದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕಾರಜೋಸ್ ದಿಬ್ಬಕ್ಕೆ ಪೂರ್ಣ ವೇಗದಲ್ಲಿ ಹೋಗಿ ಬಡಿಯಿತು. ಅಲ್ಲೂ ಕಾರಣ ಇದೇ, ಸಾಕಷ್ಟು ಝೂಮ್ ಮಾಡಿ ನೋಡಿರಲಿಲ್ಲ. ಹಾಗೆಯೇ ಬೇರೆಯವರ ಟ್ರ್ಯಾಕ್ ಕಾಪಿ ಮಾಡಿಕೊಂಡರೆ ಕೇಳಬೇಕಾದ್ದು ಎರಡು: ಅವರ ಬೋಟ್ ಎಷ್ಟು ನೀರು ಹಿಡಿಯುತ್ತದೆ, ಆವಾಗ ಭರತ ಎಷ್ಟಿತ್ತು.

ತೇಲುವ ಗುರುತುಗಳ ಬಗ್ಗೆ ಬೇಗ ಹೇಳುತ್ತೇನೆ. ನಮ್ಮ ದೇಶದಲ್ಲಿ ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಕಪ್ಪು ಮೈಗೆ ಕೆಂಪು ಪಟ್ಟಿ, ತಲೆಯ ಮೇಲೆ ಎರಡು ಕಪ್ಪು ಉಂಡೆ ಇದ್ದರೆ ಅದರ ಕೆಳಗೇ ಅಪಾಯ ಇದೆ, ಸುತ್ತ ಬೋಟ್ ಹೋಗುವಷ್ಟು ನೀರಿದೆ. ಕಪ್ಪು ಹಳದಿ ಇದ್ದರೆ ದಿಕ್ಕಿನ ಗುರುತು. ರಾತ್ರಿ ಬಿಳಿ ಮಿಂಚು ಎಣಿಸಿ: ಮೂರು ಮಿಂಚಿದರೆ ಮೂಡು, ಆರು ಮಿಂಚಿ ಒಂದು ಉದ್ದ ಇದ್ದರೆ ತೆಂಕು, ಒಂಬತ್ತಾದರೆ ಪಡು, ಬಿಡದೆ ಮಿಂಚುತ್ತಿದ್ದರೆ ಬಡಗು. ಗುರುತು ಯಾವ ದಿಕ್ಕು ಹೇಳುತ್ತದೋ ಆ ಕಡೆಯಿಂದ ಹೋಗಬೇಕು. ಆದರೆ ಮಳೆಗಾಲದ ಅಬ್ಬರಕ್ಕೆ ತೇಲುಗುರುತು ಸರಪಳಿ ಕಡಿದು ಹೋಗಿರಬಹುದು, ದೀಪ ಕೆಟ್ಟಿರಬಹುದು. ಅದನ್ನೊಂದೇ ನಂಬಿ ಬರಬೇಡಿ.

ಕಣ್ಣನ್ನೂ ಪೂರ್ತಿ ನಂಬುವಂತಿಲ್ಲ. ದಡದಲ್ಲಿ ನಿಂತವನಿಗೆ ಪಾದೆಯ ಮೇಲೆ ಒಡೆಯುವ ತೆರೆ ಬೆಳ್ಳಗೆ ಕಾಣುತ್ತದೆ. ಕಡಲಿನಿಂದ ಬರುವವನಿಗೆ ಕಾಣುವುದು ತೆರೆಯ ಬೆನ್ನು. ನೊರೆ ಆಚೆ ಕಡೆ ಬೀಳುತ್ತದೆ. ಈಚೆಯಿಂದ ನೋಡಿದರೆ ನುಣುಪಾದ ನೀರು ಎದ್ದು ಸುಮ್ನೆ ಮಾಯವಾದ ಹಾಗೆ ಇರುತ್ತದೆ. ಸುತ್ತ ಎಲ್ಲೂ ಇಲ್ಲದೆ ಒಂದೇ ಜಾಗದಲ್ಲಿ ಹಾಗೆ ಮತ್ತೆ ಮತ್ತೆ ಆಗುತ್ತಿದ್ದರೆ ಅಲ್ಲಿ ಕಲ್ಲು ಅಥವಾ ದಿಬ್ಬ ಇದೆ. ಮೂಡಲಲ್ಲಿ ಸೂರ್ಯ ಎದ್ದು ಒಂದು ಗಂಟೆ ತನಕ ಎದುರಿನ ನೀರೆಲ್ಲ ತಗಡಿನ ಹಾಗೆ ಹೊಳೆಯುತ್ತದೆ, ಅದೂ ಕಾಣುವುದಿಲ್ಲ. ರಾತ್ರಿ ಬೀಚಿನ ಫ್ಲಡ್‌ಲೈಟ್‌ಗಳ ನಡುವೆ ಬಂದರಿನ ಕೆಂಪು ಹಸಿರು ದೀಪ ಕಳೆದುಹೋಗುತ್ತದೆ.

ಅನುಮಾನ ಬಂದರೆ ಹೊರಗೆ ಆಳದಲ್ಲಿ ನಿಲ್ಲಿ. ಬೆಳಕಾಗಲಿ, ನೀರು ಏರಲಿ. ಒಂದು ಏಲಂ ತಪ್ಪಿದರೆ ಮೀನಿನ ರೇಟು ಸ್ವಲ್ಪ ಕಡಿಮೆಯಾಗಬಹುದು. ಮಾಲೀಕರು ಬೈದರೆ ಬೈಸಿಕೊಳ್ಳಿ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧದ ರಜೆ ಮುಗಿದು ಆಗಸ್ಟ್‌ನಲ್ಲಿ ಮೊದಲ ಸಲ ಹೋಗಿ ಬರುವಾಗಂತೂ ಇದು ಕಡ್ಡಾಯ. ಆಗ ಕಡಲು ಇನ್ನೂ ಇಳಿದಿರುವುದಿಲ್ಲ, ಅಳಿವೆ ಹೇಗಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಒಳಗೆ ಬರುವ ಮೊದಲು ಲಂಗರು ಬಿಡಲು ತಯಾರಿರಲಿ. ಇದನ್ನು ಯಾರೂ ಮಾಡುವುದಿಲ್ಲ. ಲಂಗರಿನ ಮೇಲೆ ಬಲೆ, ಬಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಮಲಗಿದ ಕಲಾಸಿ. ತೇಲುವ ಹಗ್ಗವೊಂದು ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎಂಜಿನ್ ನಿಲ್ಲುತ್ತದೆ, ಪಡುಗಾಳಿ ಬೋಟನ್ನು ಸೀದಾ ಕಲ್ಲಿಗೆ ತಳ್ಳುತ್ತದೆ. ಆಗ ಕೈಯಲ್ಲಿ ಉಳಿಯುವುದು ಲಂಗರು ಮಾತ್ರ.

ಇಷ್ಟಾದ ಮೇಲೂ ತಾಗಿತು ಅಂದುಕೊಳ್ಳಿ. ಎಂಜಿನನ್ನು ಕೂಡಲೇ ರಿವರ್ಸ್ ಹಾಕಿ ಎಳೆಯಬೇಡಿ. ನ್ಯೂಟ್ರಲ್ ಮಾಡಿ, ಎಲ್ಲರೂ ಲೈಫ್ ಜಾಕೆಟ್ ಹಾಕಿ, ತಳದಲ್ಲಿ ನೀರು ಬರುತ್ತಿದೆಯಾ ನೋಡಿ. ತೂತು ದೊಡ್ಡದಿದ್ದರೆ ಕಲ್ಲೇ ಬೋಟನ್ನು ಎತ್ತಿ ಹಿಡಿದಿರುತ್ತದೆ, ಎಳೆದು ಆಳಕ್ಕೆ ತಂದರೆ ಮುಳುಗುತ್ತದೆ. ಗೋಣಿ, ಹಾಸಿಗೆ, ಮರದ ಬೆಣೆ ಏನು ಸಿಕ್ಕಿದರೂ ತುರುಕಿ ಪಂಪ್ ಹಾಕಿ. ವೈರ್‌ಲೆಸ್‌ನಲ್ಲಿ 16ನೇ ಚಾನಲ್‌ಗೆ ಕೂಗಿ, ಫೋನ್ ಸಿಕ್ಕಿದರೆ ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093. ಮೊದಲು ಅಕ್ಷಾಂಶ ರೇಖಾಂಶ ಹೇಳಿ, ಆಮೇಲೆ ಎಷ್ಟು ಜನ ಅಂತ, ಕತೆ ಕೊನೆಗೆ. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಏರುತ್ತಿದ್ದರೆ ಆಳದ ಕಡೆಗೆ ಲಂಗರು ಹಾಕಿ ಹಗ್ಗ ಬಿಗಿ ಮಾಡಿ ಕಾಯಿರಿ.

ಬಚಾವಾಗಿ ಬಂದವರು ಹೆಚ್ಚಾಗಿ ಸುಮ್ಮನಿರುತ್ತಾರೆ, ಮರ್ಯಾದೆ ಪ್ರಶ್ನೆ ಅಂತ. ಹಾಗೆ ಮಾಡಬೇಡಿ ಮಾರಾಯ್ರೆ. ತಾಗಿದ ಜಾಗದ ಜಿಪಿಎಸ್ ಅಂಕಿ, ಹೊತ್ತು, ಆವತ್ತಿನ ಭರತ ಬರೆದು ನಿಮ್ಮ ಮೀನುಗಾರರ ಸಂಘಕ್ಕೆ, ಬಂದರು ಕಚೇರಿಗೆ ಕೊಡಿ. ನಕ್ಷೆಯಲ್ಲೇ ಇಲ್ಲದ ಕಲ್ಲಾದರೆ ನಕ್ಷೆ ಮಾಡುವ ಕಚೇರಿ ಡೆಹ್ರಾಡೂನ್‌ನಲ್ಲಿದೆ, ಅಲ್ಲಿಗೂ ತಿಳಿಸಲು ಹೇಳಿ.